ಐದನೆಯ ಪದ

ಬೀಗ, ಹಸು, ಕಿಟಕಿ, ಉಪ್ಪು. ನಾಲ್ಕು ಬಂದವು, ಐದನೆಯದು ನಾಲಿಗೆಯ ತುದಿಗೂ ಬರಲಿಲ್ಲ. ಮರೆವಿನ ರೋಗಿಗಳ ಪರೀಕ್ಷೆಗೆಂದು ಮೂವತ್ತು ವರ್ಷದ ಹಿಂದೆ ಈ ಐದು ಪದ ಆರಿಸಿದ್ದು ಪ್ರೊಫೆಸರೇ. ಸಾವಿರಾರು ಜನರಿಗೆ ಓದಿ ಹೇಳಿ ಬಾಯಿ ಸವೆದಿತ್ತು. ಇವತ್ತು ಓದಿದವಳು ಅವರ ಹಳೆಯ ಶಿಷ್ಯೆ. ರೋಗಿಯ ಕುರ್ಚಿಯಲ್ಲಿ ಕೂತವರು ಅವರು.

"ಅವಸರ ಇಲ್ಲ ಸರ್," ಎಂದಳು ಶಿಷ್ಯೆ. ಆದರೆ ಅವರಿಗೆ ಆಗಲೇ ಬೆಟ್ಟ ಹತ್ತಿದಷ್ಟು ಸುಸ್ತಾಗಿತ್ತು.

ಶಿಷ್ಯೆಯ ಬೆನ್ನ ಹಿಂದೆ, ಬೆಂಚಿನಲ್ಲಿ ಕೂತಿದ್ದ ಹೆಂಡತಿಯ ತುಟಿ ಮೆಲ್ಲಗೆ ಅಲುಗಿತು. ಎಲ್ಲ ರೋಗಿಗಳ ಮನೆಯವರ ತುಟಿಯೂ ಹೀಗೇ ಅಲುಗುತ್ತಿತ್ತು. 'ಚೀಟಿ ಕೊಟ್ಟು ಪಾಸು ಮಾಡಿಸೋ ಜನ' ಎಂದು ಬೈದು, ಮನೆಯವರು ಒಳಗಿರಕೂಡದೆಂದು ಬಾಗಿಲಿಗೆ ಬೋರ್ಡು ಹಾಕಿಸಿದ್ದವರು ಪ್ರೊಫೆಸರೇ. ಗುರುಗಳ ಹೆಂಡತಿಗೆ ಹೊರಗೆ ಹೋಗಿ ಎನ್ನಲು ಶಿಷ್ಯೆಗೆ ಬಾಯಿ ಬಂದಿರಲಿಲ್ಲ, ಅಷ್ಟೆ.

ಅವರ ನೋಟ ಹಿಡಿದು ಶಿಷ್ಯೆ ಹಿಂದೆ ತಿರುಗಿದಳು. "ಅಮ್ಮಾ, ಸ್ವಲ್ಪ ಹೊರಗೆ ಕೂತಿರ್ತೀರಾ? ಸರ್ ಮಾಡಿದ ರೂಲೇ ಅದು."

ಹೆಂಡತಿ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಚೀಲ ಎತ್ತಿಕೊಂಡು ಎದ್ದಳು.

"ಇರ್ಲಿ ಬಿಡಮ್ಮ," ಎಂದರು ಪ್ರೊಫೆಸರು, ಆ ತುಟಿಯಿಂದ ಕಣ್ಣು ಕೀಳದೆ. "ಅವಳು ಇಲ್ಲೇ ಕೂತಿರ್ಲಿ."