ಅಜ್ಜಿಯ ಆಲು

ಹಾಲು ಸೀದ ವಾಸನೆ ಬಂದರೆ ನನಗೆ ಇಂದಿಗೂ ಆಲೂಗಡ್ಡೆ ನೆನಪಾಗುತ್ತದೆ.

ಮಂಡ್ಯದಿಂದ ಅಜ್ಜಿ ದಿಲ್ಲಿಯ ಲಕ್ಷ್ಮೀ ನಗರದ ನಮ್ಮ ಮನೆಗೆ ಬಂದ ಹೊಸತು. ಅಮ್ಮ ಆಫೀಸಿಗೆ ಹೋಗಿದ್ದಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಸೌಟು, ಲೋಟ, ಕಣ್ಣಿಗೆ ಬಿದ್ದದ್ದನ್ನೆಲ್ಲ ಪೆನ್ಸಿಲ್ಲಿನಲ್ಲಿ ಬಿಡಿಸುತ್ತಿದ್ದೆ. ಬಾಲ್ಕನಿಯಲ್ಲಿ ಬಟ್ಟೆ ಹರವಲು ಹೊರಟ ಅಜ್ಜಿ, "ಮಗಾ, ಆಲು ನೋಡ್ಕಂಡಿರು," ಅಂದರು.

ಅಜ್ಜಿಯ ಬಾಯಲ್ಲಿ ಹಾಲು 'ಆಲು' ಆಗುತ್ತದೆಂದು ದಿಲ್ಲಿಯಲ್ಲೇ ಹುಟ್ಟಿದ ನನಗೇನು ಗೊತ್ತು? ಆಲೂ ಅಂದರೆ ಸಬ್ಜಿವಾಲಾ ಭಯ್ಯಾ ತರಕಾರಿ ಗಾಡಿಯಲ್ಲಿ ತರುವ ಆಲೂ. ಬುಟ್ಟಿಯಿಂದ ದಪ್ಪನೆಯದೊಂದನ್ನು ಎತ್ತಿ ಎದುರಿಗಿಟ್ಟುಕೊಂಡೆ. ಅದರ ಮೈಗಂಟಿದ ಮಣ್ಣು, ಅಲ್ಲಲ್ಲಿ ಎದ್ದ ತೆಳು ಸಿಪ್ಪೆ, ಸಣ್ಣ ಸಣ್ಣ ಕುಳಿಗಳನ್ನೆಲ್ಲ ನೋಡಿ ನೋಡಿ ಬಿಡಿಸಿದೆ. ಬೆನ್ನ ಹಿಂದೆ ಒಲೆಯ ಮೇಲೆ ಏನೋ ಚುರ್ ಎಂದಿತು.

ಅಜ್ಜಿ ಓಡಿ ಬಂದು ಗ್ಯಾಸ್ ಆರಿಸಿದರು. "ಆಲು ನೋಡ್ಕ ಅಂದ್ನಲ್ಲ!"

"ಅರೇ, ಆಲೂನೇ ನೋಡ್ತಾ ಇದ್ದೆ ಅಜ್ಜಿ," ಎಂದು ಹಾಳೆ ತೋರಿಸಿದೆ.

ಅಜ್ಜಿ ಹಾಳೆಯನ್ನು ನೋಡಿದರು, ಆಲೂಗಡ್ಡೆಯನ್ನು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಸಂಜೆ ಅಮ್ಮ ಬಂದು, ತಳ ಹತ್ತಿದ ಪಾತ್ರೆ ಎತ್ತಿಕೊಂಡು ನನ್ನ ಹೆಸರು ಕೂಗುವಷ್ಟರಲ್ಲಿ ಅಜ್ಜಿಯೇ ಅಡ್ಡ ಬಂದರು.

"ಮಗೀನ ಬೈಬ್ಯಾಡ. ಆಲು ಮ್ಯಾಲಿಂದ ಒಂದ್ ಗಳಿಗೆನೂ ಕಣ್ ಕಿತ್ತಿಲ್ಲ ಕಣವ್ವ."