ಬಾಯಿಬಿಟ್ಟು ಹೇಳಬೇಕಾದ ಪದ

“ಡಾಕ್ಟರ್ ಅನ್ನೋ ಮಾರಾಯ! ಒಂದೇ ಒಂದ್ಸಲ ಡಾಕ್ಟರ್ ಅನ್ನೋ!”

ಲಾಸ್ ವೇಗಸ್‌ನ ಆ ಬಾರಿನಲ್ಲಿ ಕೂತವರೆಲ್ಲ ಟಿವಿಯ ಕಾಮೆಂಟೇಟರನನ್ನು ಗೋಗರೆಯುತ್ತಿದ್ದರು. ಬಾಕ್ಸಿಂಗ್ ಪಂದ್ಯದ ಪ್ರಸಾರ ಮುಗಿಯುವುದರೊಳಗೆ ಅವನ ಬಾಯಿಂದ ಆ ಪದ ಬಂದೇ ಬರುತ್ತದೆಂದು ಎಲ್ಲರೂ ಫೋನಿನಲ್ಲಿ ಬಾಜಿ ಕಟ್ಟಿದ್ದರು. ರಿಂಗಿನಲ್ಲಿ ಅಂಗಾತ ಬಿದ್ದಿದ್ದವನು ಎಫ್ರೇನ್. ಕೌಂಟರಿನ ಹಿಂದೆ ಬಿಯರ್ ಸುರಿಯುತ್ತಿದ್ದವಳು ಅವನ ಅಕ್ಕ ಯೆಸೆನಿಯಾ.

“ಡಾಕ್ಟರ್ ಆಗ್ಲೇ ಬಂದು ಅವನ ಪಕ್ಕ ಮಂಡಿಯೂರಿದಾರಲ್ರೋ! ನಿಮಗೆ ಕಣ್ಣು ಕಾಣಲ್ವಾ?”

“ಬಂದ್ರೆ ಲೆಕ್ಕಕ್ಕಿಲ್ಲಮ್ಮಾ,” ಎಂದ ವೇಯ್ಲನ್, ಫೋನಿನಿಂದ ತಲೆಯೆತ್ತದೆ. ಎಫ್ರೇನ್ ಮೊದಲ ಸಲ ಗೆದ್ದಾಗ ಅವನನ್ನು ಹೆಗಲ ಮೇಲೆ ಹೊತ್ತು ಇದೇ ಬಾರಿನಲ್ಲಿ ಕುಣಿದವನು ಈ ಮಹಾನುಭಾವನೇ. “ಕಾಮೆಂಟ್ರಿಯವನು ಬಾಯಿಬಿಟ್ಟು ಹೇಳ್ಬೇಕು. ನೀನು ಸ್ವಲ್ಪ ಸುಮ್ನಿರು, ಏನೂ ಕೇಳಿಸ್ತಿಲ್ಲ.”

ಯೆಸೆನಿಯಾ ರಿಮೋಟ್ ಎತ್ತಿ ಟಿವಿಯ ಬಾಯಿ ಮುಚ್ಚಿಸಿದಳು. ರಿಮೋಟನ್ನು ಐಸ್ ತುಂಬಿದ ತೊಟ್ಟಿಗೆ ಎಸೆದಳು.

ಅವಳ ತಮ್ಮ ಬಿದ್ದಾಗ ಕೂತಲ್ಲಿಂದ ಕದಲದ ಜನ ಈಗ ಕುರ್ಚಿ ತಳ್ಳಿ ಎದ್ದು ನಿಂತರು.

“ಅನ್ಯಾಯ ಕಣೇ ಇದು!” ವೇಯ್ಲನ್ ಕೌಂಟರ್ ಗುದ್ದಿದ. “ನಿನಗೆ ಮನುಷ್ಯತ್ವ ಅನ್ನೋದೇ ಇಲ್ವಾ?”