ದಾರಿಗೊಂದು ನಿಂಬೆಹಣ್ಣು

"ಅಮ್ಮ ಅಂಗಡಿಯಲ್ಲಿ ಎಂತ ಆಗಿದ್ರು ಅಂತ ಬರೆಯುವುದು ಅಪ್ಪ?" ನಿರೀಕ್ಷಾ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಕೇಳಿದಳು.

ಮೋಹನದಾಸರು ಬಾಕ್ಸ್ ಹಿಲ್‌ನ ಆ ಫ್ಲ್ಯಾಟಿನ ಕಿಟಕಿಯಿಂದ ಕೆಳಗೆ ತಿರುಗುವ ಟ್ರಾಮನ್ನು ನೋಡಿದರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಜಾಂಬಿಯಾದ ಎಂಡೋಲಾ ಪಟ್ಟಣದಲ್ಲಿ ಅವರ ಗಾಡಿ ಮಾರುವ ಅಂಗಡಿ ಶಾಂಭವಿ ಮೋಟರ್ಸ್ ಹೊಸ ಒಡತಿಯ ಕೈಯಲ್ಲಿ ಬಾಗಿಲು ತೆರೆಯುವುದಿತ್ತು. ಒಡತಿ ಗ್ರೇಸ್, ಅದೇ ಅಂಗಡಿಯಲ್ಲಿ ಬಿಡಿಭಾಗ ಮಾರುತ್ತಾ ಮ್ಯಾನೇಜರ್ ಆದವಳು. ಅಂಗಡಿಯ ಚರಿತ್ರೆಯನ್ನು ಒಂದು ಪುಟದಲ್ಲಿ ಬರೆದು ಕೊಡಿ, ಗೋಡೆಗೆ ಹಾಕಿಸುತ್ತೇನೆ ಎಂದು ಕೇಳಿಕೊಂಡಿದ್ದಳು. ಸಮಾರಂಭವನ್ನು ವಿಡಿಯೋದಲ್ಲಿ ತೋರಿಸುವುದಾಗಿಯೂ ಹೇಳಿದ್ದಳು. ಹೆಂಡತಿ ರಾಜೀವಿ ತೀರಿಕೊಂಡು ವರ್ಷ ತುಂಬಿಲ್ಲ, ಶುಭಕಾರ್ಯದ ಮುಂದೆ ಕೂರುವುದಿಲ್ಲ ಎಂದು ಮೋಹನದಾಸರು ಮೊದಲೇ ತಿಳಿಸಿದ್ದರು. ಆದರೂ ಕುರ್ಚಿಯನ್ನು ಪರದೆ ಕಾಣುವಷ್ಟು ಹತ್ತಿರಕ್ಕೆ ಎಳೆದುಕೊಂಡಿದ್ದರು.

ಪರದೆಯ ಮೂಲೆಯಲ್ಲಿ, ಸಿಡ್ನಿಯ ಸ್ಕೋಫೀಲ್ಡ್ಸ್‌ನ ತನ್ನ ಮನೆಯಿಂದ, ಮಗ ತುಷಾರ್ ಇದ್ದ. "ಅಜ್ಜ ಶುರು ಮಾಡಿದ್ದು, ಅಪ್ಪ ಬೆಳೆಸಿದ್ದು. ಅಷ್ಟು ಸಾಕು ಮಾರಾಯ್ತಿ. ಅಮ್ಮನಿಗೆ ಪೋಸ್ಟ್ ಎಂತ ಇತ್ತು? ಡೈರೆಕ್ಟರಾ, ಅಕೌಂಟೆಂಟಾ? ಸುಮ್ಮನೆ ಹೆಸರು ತುರುಕಿದ್ರೆ ಓದುವವರಿಗೆ ಗೊತ್ತಾಗುದಿಲ್ವಾ?"

"ನಿನ್ನ ಹೆಸರು ಮಾತ್ರ ಚಂದ ತುರುಕಿಸಿದ್ದೀ ಅಲ್ವಾ ಅಣ್ಣ? ನೀನು ಎಂತ ಮಾರಿದ್ದು, ಹಾರ್ನಾ?"

"ಸ್ಕೂಲ್ ರಜೆಯಲ್ಲಿ ಟೈರ್ ತೊಳೆದಿದ್ದೇನೆ ನಾನು!"

"ಗಾಡಿ ಹೊರಡುವಾಗ ಚಕ್ರದ ಅಡಿಗೆ ನಿಂಬೆಹಣ್ಣು ಇಡುತ್ತಿದ್ದವಳು ಅವಳೇ," ಎಂದರು ಮೋಹನದಾಸರು ನಿಧಾನವಾಗಿ. ಮದುವೆಯಾಗಿ ಬಂದ ವರ್ಷವೇ ರಾಜೀವಿ ಅದನ್ನು ಶುರು ಮಾಡಿದ್ದಳು. ಆ ಊರಿನ ಗಿರಾಕಿಗಳು ಅದನ್ನು ಪೂಜೆಯೆಂದು ತಿಳಿಯಲೇ ಇಲ್ಲ, ಗಾಡಿಯ ಪರೀಕ್ಷೆ ಎಂದೇ ತಿಳಿದರು. ಹಣ್ಣು ನೆಟ್ಟಗೆ ಅಪ್ಪಚ್ಚಿಯಾದರೆ ಗಾಡಿ ಗಟ್ಟಿ. ಒಮ್ಮೆ ಒಂದು ಹಣ್ಣು ಚಕ್ರದಡಿಯಿಂದ ಜಾರಿ ಚರಂಡಿಗೆ ಉರುಳಿತು. ಕೊಳ್ಳಲು ಬಂದಿದ್ದ ಜೋಳದ ವ್ಯಾಪಾರಿ, ಕ್ಲಚ್ಚೇ ಸರಿಯಿಲ್ಲ ಎಂದು ಹೊಸ ಪಿಕಪ್ಪಿನಿಂದ ಇಳಿದುಬಿಟ್ಟ. ಮೋಹನದಾಸರ ತಂದೆ ದೇವರು ದೃಷ್ಟಿ ಎಂದು ಎಷ್ಟು ವಿವರಿಸಿದರೂ ಅವನು ಕೇಳಲೊಲ್ಲ. ಕೊನೆಗೆ ರಾಜೀವಿ ಬಂದು ಇನ್ನೊಂದು ದಪ್ಪ ಹಣ್ಣು ಇಟ್ಟು, ನೀನೇ ಓಡಿಸಿ ನೋಡು ಎಂದಳು. ಹಣ್ಣು ಪಚಕ್ಕೆಂದಿತು. ವ್ಯಾಪಾರಿ ನಕ್ಕ. ಊರು ದೂರ, ದಾರಿಯಲ್ಲಿ ಬಾಯಾರಿದರೆ ಇರಲಿ ಎಂದು ಅವಳು ಅವನ ಬಲಗೈಗೂ ಒಂದು ಹಣ್ಣು, ಒಂದು ಚಿಟಿಕೆ ಉಪ್ಪಿನ ಪೊಟ್ಟಣ ಇಟ್ಟಳು. ಅಂದಿನಿಂದ ಗಾಡಿ ಕೊಂಡವರಿಗೆಲ್ಲ ಹಾಗೆಯೇ ಕೊಟ್ಟಳು.

"ಚಕ್ರಕ್ಕೆ ನಿಂಬೆ ಎಲ್ಲರೂ ಇಡ್ತಾರೆ ಅಪ್ಪ," ತುಷಾರ್ ಮೆತ್ತಗೆ ಹೇಳಿದ. "ಕೈಗೊಂದು ಹಣ್ಣು ಕೊಟ್ರು ಅಂತ ಚರಿತ್ರೆಯಲ್ಲಿ ಬರೀಲಿಕ್ಕೆ ಆಗ್ತದಾ?"

ಅದು ನಿಜವೆಂದೇ ಮೋಹನದಾಸರಿಗೂ ತೋರಿತು. ಅವಳ ಅಸ್ಥಿಯನ್ನು ಇಲ್ಲಿಯ ಕಡಲಿಗೆ ಬಿಟ್ಟಾಗಿತ್ತು. ಬದುಕು ಕಳೆದ ಊರಿನಲ್ಲಿ ಅವಳದೆನ್ನಲು ಇನ್ನು ಉಳಿಯುವುದಾದರೆ ಆ ಗೋಡೆಯ ಮೇಲಿನ ಒಂದು ಸಾಲು. ಆ ಸಾಲಿಗೆ ಕಾರಣ ಹುಡುಕಿದರೆ ಅವರಿಗೂ ಸಿಗುತ್ತಿರಲಿಲ್ಲ. "ಬೇಡ ಬಿಡು ಮಗಾ," ಎಂದರು. "ಇದ್ದ ಹಾಗೇ ಕಳಿಸು."

ಅಷ್ಟರಲ್ಲಿ ಪರದೆಯಲ್ಲಿ ಎಂಡೋಲಾದ ಬಿಸಿಲು ಮೂಡಿತು. ಪಾದ್ರಿಯವರ ಪ್ರಾರ್ಥನೆ ಮುಗಿದಿತ್ತು. ಬಾಗಿಲ ಮುಂದೆ ಬಿಳಿ ಪಿಕಪ್ಪು, ಅದರ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. "ನಾವು ಚರ್ಚಿಗೆ ಹೋಗುವವರು, ಸರ್," ಎಂದು ಗ್ರೇಸ್ ನಕ್ಕಳು. "ಆದರೆ ಪರೀಕ್ಷೆ ಮಾಡದೆ ಇಲ್ಲಿ ಯಾರೂ ಗಾಡಿ ಒಯ್ಯುವುದಿಲ್ಲ. ನಿಮ್ಮ ಪುಟ ಬಂತೇ?"

"ಈಗ ಕಳಿಸ್ತಿದ್ದೇನೆ," ಎಂದು ನಿರೀಕ್ಷಾ ಗುಂಡಿಯ ಮೇಲೆ ಬೆರಳಿಟ್ಟಳು.

ಗಾಡಿ ಕೊಂಡ ಟೊಪ್ಪಿ ಹಾಕಿದ ಮುದುಕನೊಬ್ಬ ಪಿಕಪ್ಪನ್ನು ಮುಂದಕ್ಕೆ ಬಿಟ್ಟ. ನಾಲ್ಕೂ ಹಣ್ಣು ಅಪ್ಪಚ್ಚಿಯಾದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಡಿ ಮಾತ್ರ ಹೋಗಲಿಲ್ಲ. ಮುದುಕ ಇಂಜಿನ್ ಆರಿಸಿ, ಕಿಟಕಿಯಿಂದ ಬಲಗೈ ಹೊರಗೆ ಚಾಚಿ ಅಂಗೈ ತೆರೆದ. ಹೊಸದಾಗಿ ಸೇರಿದ ಸೇಲ್ಸ್‌ಮನ್ ಓಡಿಬಂದು ಆ ಕೈ ಹಿಡಿದು ಕುಲುಕಿದ. ಮುದುಕ ಕೈ ಬಿಡಿಸಿಕೊಂಡು ಮತ್ತೆ ಚಾಚಿದ. ಇನ್ನೊಬ್ಬಳು ಅಂಗಡಿಯ ಹೆಸರಿದ್ದ ಕೀ ಚೈನ್ ತಂದಿಟ್ಟಳು. ಅವನು ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಹಾಕಿ, ಮತ್ತೆ ಕೈ ಚಾಚಿದ.

"ಬಾನಾ ತುಷಾರ್ ಕೊಡುವುದು ಎಲ್ಲಿ?" ಎಂದು ಕೇಳಿದ. ತುಷಾರನ ತಾಯಿ ಎಂದು ಅದರ ಅರ್ಥ. ಆ ಊರು ರಾಜೀವಿಯನ್ನು ಕರೆಯುತ್ತಿದ್ದದ್ದೇ ಹಾಗೆ. "ಅವರು ಹೋದದ್ದು ಗೊತ್ತು. ದಾರಿ ಹೋಗಿಲ್ಲವಲ್ಲ. ನನಗೆ ಮನೆ ತನಕ ಹೋಗಬೇಕು."

ಗ್ರೇಸ್ ಹಣೆ ಚಚ್ಚಿಕೊಂಡು, ಫೋನನ್ನು ಯಾರದೋ ಕೈಗೆ ಕೊಟ್ಟು, ಸಮಾರಂಭದ ಉಡುಪಿನಲ್ಲೇ ಸಂತೆಯ ಕಡೆಗೆ ಓಡಿದಳು.

ನಿರೀಕ್ಷಾ ಗುಂಡಿಯ ಮೇಲಿನಿಂದ ಬೆರಳು ತೆಗೆದಳು. ಮೋಹನದಾಸರು ಕುರ್ಚಿಯನ್ನು ಮೇಜಿನ ತನಕ ಎಳೆದುಕೊಂಡು, ಪರದೆಯ ಮುಂದೆಯೇ ಕೂತರು. ಅಲ್ಲಿ, ಇಂಜಿನ್ ಆರಿಸಿದ ಗಾಡಿಯ ಕಿಟಕಿಯಿಂದ, ಆ ಬರಿಯ ಅಂಗೈ ಚಾಚಿಕೊಂಡೇ ಇತ್ತು.